ಮೂರನೇ ಕೋಣೆಯ ಗಾಳಿ

ಜೂನ್ ತಿಂಗಳ ಒಂದು ಬೆಳಿಗ್ಗೆ ಮೂರನೇ ಕೋಣೆಯ ಬಾಗಿಲು ತೆರೆದಾಗ ಅಣಬೆಗಳ ಕಾಲು ಉದ್ದವಾಗಿದ್ದುದು ಕಣ್ಣಿಗೆ ಬಿತ್ತು. ಚಿಪ್ಪಣಬೆಗೆ ಗಿಡ್ಡ ಕಾಲು, ಅಗಲ ಕೊಡೆ ಇರಬೇಕು. ಹಿಂದಿನ ವಾರದ ಬೆಳೆ ಹಾಗೆಯೇ ಇತ್ತು. ಈಗ ಚೀಲದ ಸೀಳುಗಳಿಂದ ಹೊರಬಂದ ಗೊಂಚಲುಗಳು ಬೆರಳುದ್ದ ಕತ್ತು ಚಾಚಿ, ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಕೊಡೆ ಹೊತ್ತು ನಿಂತಿದ್ದವು. ಕೋಣೆಯಲ್ಲಿ ಕೆಟ್ಟ ಗಾಳಿ ತುಂಬಿದರೆ ಅಣಬೆ ಹೀಗೆ ಒಳ್ಳೆಯ ಗಾಳಿ ಹುಡುಕುತ್ತಾ ಉದ್ದವಾಗುತ್ತದೆ. ಹೊರಗೆ ಬಂದು ಚಾವಣಿಯ ಕೆಳಗಿನ ಗಾಳಿಕೊಳವೆ ನೋಡಿದೆ. ತಾಜಾ ಗಾಳಿಯ ಕವಾಟದ ಹಿಡಿಯನ್ನು ಪೂರ್ತಿ ಅಡ್ಡಕ್ಕೆ ತಿರುಗಿಸಿ, ಅಲುಗಾಡದಂತೆ ಯಾರೋ ತಂತಿಯಿಂದ ಬಿಗಿದಿದ್ದರು.

ದುಬೈಯ ಹೊರವಲಯದಲ್ಲಿ, ಟೈರು ಮತ್ತು ಟೈಲ್ಸ್ ಗೋದಾಮುಗಳ ನಡುವೆ ಇದ್ದ ಶೆಡ್ಡು ಅದು. ಅಲ್ಲಿ ಅಣಬೆ ಬೆಳೆಸುತ್ತಿದ್ದವರು ಚೀನಾದ ದಂಪತಿ. ನಾನು ಅವರ ಲ್ಯಾಬಿನ ಮತ್ತು ಬೆಳೆಕೋಣೆಗಳ ಉಸ್ತುವಾರಿ. ಇಬ್ಬರೂ ಫುಜಿಯಾನ್ ಪ್ರಾಂತದ ಗುಡ್ಡಗಾಡಿನವರು. ಮನೆಮನೆಯಲ್ಲೂ ಅಣಬೆ ಬೆಳೆಯುವ ಊರಂತೆ. ಮದುವೆಯಾದ ಮೇಲೆ ಇಟಲಿಗೆ ಹೋಗಿ, ಮೊದಲು ಪರರ ಕಾರ್ಖಾನೆಯಲ್ಲಿ, ಆಮೇಲೆ ಸ್ವಂತ ಶೆಡ್ಡಿನಲ್ಲಿ, ಚರ್ಮದ ಕೈಚೀಲ ಹೊಲಿದವರು. ಅಲ್ಲಿಯ ವ್ಯಾಪಾರ ಮುಚ್ಚಿದಾಗ ಯಂತ್ರಗಳನ್ನೂ ಮನೆಯನ್ನೂ ಮಾರಿ ಇಲ್ಲಿಗೆ ಬಂದರು. ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿ ನಾವಿದ್ದ ಕಟ್ಟಡಗಳ ಸಾಲಿನಿಂದ ಎರಡು ಸಾಲು ಆಚೆ ಅವರ ಫ್ಲ್ಯಾಟು. ಅಲ್ಲಿಯ ಚೀನೀ ಹೋಟೆಲ್‌ಗಳಿಗೆ ಅಣಬೆ ವಿಮಾನದಲ್ಲಿ ಬಂದು ಅರ್ಧ ಬಾಡಿರುತ್ತದೆ ಎಂಬುದನ್ನು ಮೊದಲ ವಾರವೇ ಕಂಡುಕೊಂಡವರು ಮಾಲಕಿ. ಬೀದಿಯಂಚಿನ ಖರ್ಜೂರದ ಮರಗಳಿಂದ ಕಡಿದು ಎಸೆಯುವ ಗರಿಯ ಮೇಲೆ ಅಣಬೆ ಬೆಳೆಯಬಹುದೆಂದು ಪಣ ತೊಟ್ಟವರು ಅವರ ಗಂಡ.

ಪಣ ಗೆದ್ದಿತ್ತು ಕೂಡ. ಗರಿಯನ್ನು ಪುಡಿಮಾಡಿ, ನೆನೆಸಿ, ಗೋಧಿ ಬೂಸ ಮತ್ತು ಸುಣ್ಣ ಬೆರೆಸುತ್ತಿದ್ದೆವು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಹನಿ ಮೂಡಬೇಕು, ಬೀಳಬಾರದು, ಅಷ್ಟು ಹದ. ಚೀಲಕ್ಕೆ ತುಂಬಿ, ಬಾಯ್ಲರಿನ ಹಬೆಯಲ್ಲಿ ಬೇಯಿಸಿ, ತಣಿದ ಮೇಲೆ ಲ್ಯಾಬಿನಲ್ಲಿ ನಾನು ಬೀಜ ಹಾಕುತ್ತಿದ್ದೆ. ಕತ್ತಲೆ ಕೋಣೆಯಲ್ಲಿ ಚೀಲವೆಲ್ಲ ಬೆಳ್ಳಗಾದಾಗ ಸೀಳು ಹಾಕಿ ಬೆಳೆಕೋಣೆಗೆ ಸಾಗಿಸುವುದು. ಅಲ್ಲಿ ತಂಪು, ತೇವ, ತಾಜಾ ಗಾಳಿ ಮೂರೂ ಬೇಕು. ದುಬೈಯ ಬೇಸಗೆಯಲ್ಲಿ ಮೂರನ್ನೂ ಒಟ್ಟಿಗೆ ಕೊಡುವುದೇ ನಮ್ಮ ಉದ್ಯೋಗದ ಪೂರ್ತಿ ಕಷ್ಟ. ಮನೆಗೆ ಹೋದರೆ ಮಗಳು ನನ್ನ ದುಪಟ್ಟಾ ಮೂಸಿ, "ಅಮ್ಮಾ, ಯು ಸ್ಮೆಲ್ ಲೈಕ್ ವೆಟ್ ಮಡ್" ಅನ್ನುತ್ತಿದ್ದಳು.

ತಂತಿಯ ಬಗ್ಗೆ ಕೇಳಿದಾಗ ಮಾಲಕಿಯ ಗಂಡ ಏಣಿಯ ಮೇಲಿದ್ದರು. ಮಾತು ಕಡಿಮೆ, ಇಂಗ್ಲಿಷ್ ಇನ್ನೂ ಕಡಿಮೆ. ನಮ್ಮ ಮಾತೆಲ್ಲ ಹರಕುಮುರುಕು ಇಂಗ್ಲಿಷಿನಲ್ಲೇ.

"ಈ ಕೋಣೆಯ ಎರಡು ಕೂಲಿಂಗ್ ಯಂತ್ರಗಳಲ್ಲಿ ಒಂದು ಸತ್ತಿದೆ. ಇನ್ನೊಂದಕ್ಕೆ ಹೊರಗಿನ ಬಿಸಿಗಾಳಿ ತಣಿಸುವ ಶಕ್ತಿ ಇಲ್ಲ. ಒಳಗಿನ ಗಾಳಿಯನ್ನೇ ತಿರುಗಿಸಿದರೆ ನಡೆಯುತ್ತದೆ."

"ಅಣಬೆಗೆ ಉಸಿರು ಕಟ್ಟುತ್ತದೆ."

"ಸಾಯುವುದಿಲ್ಲ. ಬಿಡಿ ಭಾಗ ಬರುವವರೆಗೆ ಅಷ್ಟೆ."

ಬಿಡಿ ಭಾಗ ಚೀನಾದಿಂದ ಹಡಗಿನಲ್ಲಿ ಬರಬೇಕಿತ್ತು. ಮಾಲಕಿ ಆ ಉದ್ದ ಕಾಲಿನ ಅಣಬೆಗಳನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿದರು. ಆಮೇಲೆ ಬೇರೆ ಡಬ್ಬಿಯಲ್ಲಿ ಒತ್ತಾಗಿ ನಿಲ್ಲಿಸಿ, ಹೊಸ ತಳಿ ಎಂದು ಅಬುಧಾಬಿಗೆ ಕಳಿಸಿದರು. ಅಲ್ಲಿಯ ಖಾಲಿದಿಯಾ ಬಡಾವಣೆಯ ದೊಡ್ಡ ಹೋಟೆಲೊಂದು ಅದನ್ನೇ ಹೆಚ್ಚು ಕೇಳತೊಡಗಿತು. ವ್ಯಾನ್ ಓಡಿಸುತ್ತಿದ್ದವರು ಉಪ್ಪಿನಂಗಡಿ ಕಡೆಯ ಬ್ಯಾರಿ. ಅವರಿಗೆ ನಗು ತಡೆಯಲಿಲ್ಲ.

"ಇವರ ಬುದ್ಧಿಯೇ ಬುದ್ಧಿ ಮಾರಾಯ್ರೆ. ಹಾಳಾದ ಲಾಂಬಿಗೂ ಒಂದು ಹೆಸರಿಟ್ಟು ಮಾರಿದ್ರು. ನಮ್ಮ ಕೈಯಲ್ಲಿ ಆಗ್ತಿತ್ತಾ?"

ಅವರ ಕಡೆ ಅಣಬೆಗೆ ಲಾಂಬು ಎನ್ನುತ್ತಾರೆ. ನಾನೂ ನಕ್ಕೆ. ಮಾಲಕಿಯ ಮೇಲೆ ನನಗೆ ಮೆಚ್ಚುಗೆಯಿತ್ತು. ಅರಬಿ, ಇಂಗ್ಲಿಷ್, ಹಿಂದಿಯ ಹತ್ತಾರು ಶಬ್ದಗಳಲ್ಲಿ ಅವರು ಯಾವ ಗಿರಾಕಿಯನ್ನೂ ಸಂಭಾಳಿಸುತ್ತಿದ್ದರು. ಚೀನೀ ಗಿರಾಕಿಗಳ ಎದುರು ಗುಟ್ಟು ಆಡಬೇಕಾದರೆ ಗಂಡ ಹೆಂಡತಿ ಇಟಾಲಿಯನ್ ಮಾತಾಡುತ್ತಿದ್ದರು.

ಆದರೆ ಮುಚ್ಚಿದ ಕೋಣೆಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಚಿಪ್ಪಣಬೆ ಬಲಿತ ಕೂಡಲೇ ಕೊಡೆಯ ಅಡಿಯಿಂದ ಬೀಜಕಣ ಉದುರಿಸುತ್ತದೆ. ಕಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ, ಒಟ್ಟಾದರೆ ಹಿಟ್ಟು. ಗಾಳಿ ಓಡಾಡುವ ಕೋಣೆಯಲ್ಲಿ ಅದು ಹೊರಗೆ ಹೋಗುತ್ತದೆ. ನಮ್ಮಲ್ಲಿ ಹೋಗಲು ದಾರಿ ಇರಲಿಲ್ಲ. ಕಬ್ಬಿಣದ ಕಪಾಟುಗಳ ಮೇಲೆ, ದೀಪದ ಕೊಳವೆಯ ಮೇಲೆ, ನನ್ನ ಕನ್ನಡಕದ ಮೇಲೆ ಕೆನೆಬಣ್ಣದ ಪುಡಿ ಕೂರತೊಡಗಿತು. ಮಾಸ್ಕ್ ಕೊಟ್ಟಿದ್ದೆವು. ಆ ತೇವದಲ್ಲಿ ಅದು ಒದ್ದೆಯಾಗಿ ಮುಖಕ್ಕೆ ಅಂಟುತ್ತಿತ್ತು. ಇಬ್ಬರು ನೇಪಾಳಿ ಕೆಲಸಗಾರರೂ ಗದ್ದಕ್ಕೆ ಇಳಿಸಿಕೊಳ್ಳುತ್ತಿದ್ದರು. ಮಾಲಕಿಯ ಗಂಡ ತೊಡುತ್ತಲೇ ಇರಲಿಲ್ಲ. ಕೊಯ್ಲನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ಗೊಂಚಲಿನ ಬುಡಕ್ಕೆ ಹೆಬ್ಬೆರಳಿಟ್ಟು ಒಂದೇ ತಿರುವಿಗೆ ಕೀಳುತ್ತಿದ್ದರು, ಚೀಲಕ್ಕೆ ಗಾಯವಾಗದಂತೆ. ದಿನದ ಹೆಚ್ಚು ಹೊತ್ತು ಮೂರನೇ ಕೋಣೆಯಲ್ಲೇ.

ಜುಲೈ ಹೊತ್ತಿಗೆ ಅವರಿಗೆ ಒಣ ಕೆಮ್ಮು ಹಿಡಿಯಿತು. ಸಂಜೆ ಚಳಿ ಬಂದು ಮೈ ಬಿಸಿಯಾಗುತ್ತಿತ್ತು. ಎಸಿಯ ತಂಪಿನಿಂದ ಹೊರಗಿನ ಸೆಕೆಗೆ ಹೋಗಿಬಂದು ಹೀಗಾಗುತ್ತದೆ ಎಂದು ಎಲ್ಲರೂ ಅಂದೆವು. ಇಲ್ಲಿ ಬೇಸಗೆಯಲ್ಲಿ ಕೆಮ್ಮದವರು ಯಾರು? ಔಷಧಿ ಅಂಗಡಿಯ ಸಿರಪ್ ಕುಡಿದು ಅವರು ಮತ್ತೆ ಒಳಗೆ ಹೋದರು. ಪ್ಯಾಂಟು ಸಡಿಲವಾಗಿ ಪ್ಯಾಕಿಂಗ್ ಪಟ್ಟಿಯನ್ನು ಬೆಲ್ಟಿನಂತೆ ಕಟ್ಟಿಕೊಂಡಿದ್ದರು.

ಆ ತಿಂಗಳ ನಡುವೆ ಅಬುಧಾಬಿಯ ಅಲ್ ಮೀನಾದ ತರಕಾರಿ ಮಾರುಕಟ್ಟೆಯಲ್ಲಿ ನಮ್ಮ ಮಾಲು ಇಳಿಸಿಕೊಳ್ಳುತ್ತಿದ್ದವನು ತಕರಾರು ತೆಗೆದ. ಮಾಲಕಿಯ ಗಂಡ ಡ್ರೈವರಿನ ಜೊತೆ ಹೋಗಿ, ತಮ್ಮ ಊರಿನವರೊಬ್ಬರ ಮನೆಯಲ್ಲಿ ಒಂದು ವಾರ ಉಳಿದು, ಬೇರೆ ಅಂಗಡಿ ಗೊತ್ತುಮಾಡಿಕೊಂಡು ಬಂದರು. ವ್ಯಾನ್ ಇಳಿದವರನ್ನು ನೋಡಿದರೆ ಮುಖದಲ್ಲಿ ಬಣ್ಣವಿತ್ತು.

"ಅಲ್ಲಿ ಎಂತ ತಿಂದ್ರೋ ಏನೋ," ಅಂದರು ಡ್ರೈವರ್. "ಎರಡನೇ ದಿನದಿಂದ ಒಂದು ಕೆಮ್ಮು ಇಲ್ಲ. ಪೆಟ್ಟಿಗೆ ಎಲ್ಲ ಅವರೇ ಎತ್ತಿದ್ದು."

ಮರುದಿನ ಅವರು ಮೂರನೇ ಕೋಣೆಗೆ ಹೋದರು. ಸಂಜೆ ಪ್ಯಾಕಿಂಗ್ ಮೇಜಿನ ಬಳಿ ಸ್ವೆಟರ್ ಹಾಕಿಕೊಂಡು ನಡುಗುತ್ತಾ ಕೂತಿದ್ದರು. ಆಗ ಹೊಳೆಯಿತು. ಅಣಬೆ ಬೆಳೆಯುವವರ ಶ್ವಾಸಕೋಶಕ್ಕೆ ಬರುವ ಕಾಯಿಲೆಯ ಬಗ್ಗೆ ಕಾಲೇಜಿನಲ್ಲಿ ಎಂದೋ ಒಂದು ಪುಟ ಓದಿದ್ದೆ. ಕೆಲಸದಿಂದ ದೂರವಿದ್ದರೆ ಕಡಿಮೆಯಾಗುತ್ತದೆ, ಮರಳಿದರೆ ಕೆಲವೇ ಗಂಟೆಗಳಲ್ಲಿ ಬರುತ್ತದೆ, ಹಾಗೇ ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗಿ ಗುಣವೇ ಆಗದು. ಎಲ್ಲ ಕಣ್ಣೆದುರಿಗೇ ಇತ್ತು.

ಮಾಲಕಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು ಎನಿಸಿತು. ಮೂರನೇ ಕೋಣೆಯಲ್ಲಿ ಒಂದು ಕಪ್ಪು ಕಾಗದ, ಲ್ಯಾಬಿನಲ್ಲಿ ಇನ್ನೊಂದು ಇಟ್ಟು, ಎರಡರ ಮೇಲೂ ಒಂದೊಂದು ನಾಣ್ಯ ಇಟ್ಟೆ. ಮಾರನೆಯ ದಿನ ಅವರನ್ನು ಕರೆದು ನಾಣ್ಯ ಎತ್ತಿದೆ. ಲ್ಯಾಬಿನ ಕಾಗದ ಕಪ್ಪಾಗಿಯೇ ಇತ್ತು. ಕೋಣೆಯ ಕಾಗದದಲ್ಲಿ ನಾಣ್ಯ ಇದ್ದ ಜಾಗ ಮಾತ್ರ ಕಪ್ಪು, ಉಳಿದದ್ದೆಲ್ಲ ಬಿಳಿ.

"ಇದನ್ನು ಅವರು ಉಸಿರಾಡುತ್ತಿದ್ದಾರೆ," ಎಂದೆ.

ಅವರು ಬೆರಳಿನಿಂದ ಪುಡಿಯಲ್ಲಿ ಒಂದು ಗೆರೆ ಎಳೆದು ನೋಡಿದರು.

"ನನ್ನ ಅಪ್ಪ ಸಾಯುವವರೆಗೂ ಅಣಬೆ ಬೆಳೆದ. ಅವನಿಗೆ ಏನೂ ಆಗಲಿಲ್ಲ."

"ನಿಮ್ಮ ಅಪ್ಪನ ಶೆಡ್ಡು ಎಂಥದ್ದು?"

ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಹೇಳಿದರು. "ಬಿದಿರಿನದು. ಗೋಡೆಯೇ ಇರಲಿಲ್ಲ."

ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ಗಂಡನಿಗೆ ಬರಲು ಮನಸ್ಸಿಲ್ಲವೆಂದು ಮಾಲಕಿ ಹೇಳಿದರು. ಕಾರಣ ನನಗೂ ಅರ್ಥವಾಗುವಂಥದ್ದೇ. ಚಳಿಗಾಲದಲ್ಲಿ ಅವರ ವೀಸಾ ನವೀಕರಣವಿತ್ತು. ಅದಕ್ಕೆ ಎದೆಯ ಎಕ್ಸ್-ರೇ ಆಗಬೇಕು. ಅಲ್ಲಿ ಕಲೆ ಕಂಡರೆ ಕ್ಷಯವೆಂದು ವಾಪಸು ಕಳಿಸುತ್ತಾರೆ ಎಂಬ ಭಯ ಈ ದೇಶದಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಉಂಟು. ನವೀಕರಣದ ದಿನ ಬರುವ ಮೊದಲೇ ಯಾಕೆ ತಾನಾಗಿ ಹೋಗಿ ಎಕ್ಸ್-ರೇ ಯಂತ್ರದ ಎದುರು ನಿಲ್ಲಬೇಕು ಎಂಬುದು ಅವರ ಪ್ರಶ್ನೆ. "ಚಳಿ ಬಂದರೆ ಕವಾಟ ತೆರೆಯಬಹುದು. ಆಗ ತಾನಾಗಿ ಗುಣವಾಗುತ್ತದೆ," ಎಂದು ಹೆಂಡತಿಯ ಮೂಲಕ ಹೇಳಿಸಿದರು.

ಸುಮ್ಮನೆ ಕೂರಲು ಆಗಲಿಲ್ಲ. ಗಾಳಿ ಬರುವ ಬಾಯಿಗೆ ನೀರು ಇಳಿಯುವ ಹುಲ್ಲಿನ ಚೌಕಟ್ಟು ಕಟ್ಟಿ, ಬಿಸಿಗಾಳಿಯನ್ನು ತಣಿಸಿ ಒಳಬಿಡಲು ನೋಡಿದೆ. ನಾಲ್ಕು ದಿನ ಚೆನ್ನಾಗಿಯೇ ನಡೆಯಿತು, ಅಣಬೆಯ ಕಾಲು ಗಿಡ್ಡವಾಯಿತು. ಆಗಸ್ಟ್ ಬಂದು ಸಮುದ್ರದ ಕಡೆಯಿಂದ ಒದ್ದೆ ಗಾಳಿ ಬೀಸಿದ್ದೇ ತಡ, ಅದು ನಿಷ್ಪ್ರಯೋಜಕವಾಯಿತು; ಮೊದಲೇ ನೀರು ಕುಡಿದ ಗಾಳಿ ಮತ್ತೆಷ್ಟು ತಣಿದೀತು? ಬೆಳಗಿನ ಹೊತ್ತು ಮಾತ್ರ ಕವಾಟ ತೆರೆದು ನೋಡಿದೆ. ತಾಪ ಏರಿ ಎರಡು ಕಪಾಟಿನ ಬೆಳೆ ಹಳದಿಯಾಗಿ ಲೋಳೆ ಬಿಟ್ಟಿತು. ಮಾಲಕಿಯ ಗಂಡ ಅದನ್ನು ಬಕೆಟಿಗೆ ಕೆರೆದು, ಏಣಿ ತಂದು, ತಂತಿಯನ್ನು ಮತ್ತೆ ಬಿಗಿದರು. ಏಣಿಯ ಮೆಟ್ಟಿಲು ಏರುವಾಗ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಬಿಡಿ ಭಾಗ ಅಂತೂ ಬಂತು. ಜೋಡಿಸಿದ ಮೆಕ್ಯಾನಿಕ್, ಇಡೀ ಯಂತ್ರವೇ ಹಳತು, ಈ ಸೆಕೆಗೆ ಇದರಿಂದ ಹೆಚ್ಚು ನಿರೀಕ್ಷಿಸಬೇಡಿ ಎಂದು ಕೈ ತೊಳೆದುಕೊಂಡ.

ಒಂದು ಮಧ್ಯಾಹ್ನ ಮೂರನೇ ಕೋಣೆಯ ಗಾಜಿನಿಂದ ನೋಡಿದಾಗ ಅವರು ಕಪಾಟುಗಳ ನಡುವೆ ನೆಲದಲ್ಲಿ ಕೂತಿದ್ದರು. ದಣಿದು ಕೂತಿದ್ದಾರೆಂದು ಮೊದಲು ತಿಳಿದೆ. ಆದರೆ ಎರಡೂ ಕೈ ಮೊಣಕಾಲಿಗೆ ಊರಿ, ಬಾಯಿ ತೆರೆದು, ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದರು. ತುಟಿ ನೀಲಿಯಾಗಿತ್ತು. ನಾನೂ ಡ್ರೈವರೂ ಸೇರಿ ಹೊರಗೆ ಎಳೆದೆವು. ಅವರ ಮುಷ್ಟಿಯೊಳಗೆ ಕಿತ್ತ ಗೊಂಚಲೊಂದು ಹಾಗೇ ಇತ್ತು.

"ಆಂಬುಲೆನ್ಸ್ ಬರುವವರೆಗೆ ಕಾಯುದು ಬೇಡ, ವ್ಯಾನಿಗೆ ಹಾಕುವ," ಅಂದರು ಡ್ರೈವರ್. ಮಾಲಕಿ ಹಿಂದೆ ಪೆಟ್ಟಿಗೆಗಳ ನಡುವೆ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಸ್ಕ್ಯಾನ್ ಮಾಡಿದರು. ಡಾಕ್ಟರು ಕಂಪ್ಯೂಟರಿನ ಪರದೆಯಲ್ಲಿ ಶ್ವಾಸಕೋಶ ತೋರಿಸಿದರು. ಕಪ್ಪಗೆ ಕಾಣಬೇಕಾದಲ್ಲೆಲ್ಲ ಉಜ್ಜಿದ ಗಾಜಿನ ಹಾಗೆ ಮಸುಕು; ಕೆಳಗಿನ ಅಂಚಿನಲ್ಲಿ ಬಲೆಯಂತೆ ಗೆರೆಗಳು. ಕ್ಷಯವಲ್ಲ ಎಂದರು. ಮಸುಕು ಔಷಧಿಗೆ ತಿಳಿಯಾಗಬಹುದು, ಗೆರೆಗಳು ಹೋಗುವುದಿಲ್ಲ. ಇವರು ಇನ್ನೆಂದೂ ಅಣಬೆಯ ಕೋಣೆಗೆ ಕಾಲಿಡಬಾರದು; ಈಗ ಇಟ್ಟರೆ ಹೆಚ್ಚು ದಿನ ಬದುಕುವುದಿಲ್ಲ. ಡಾಕ್ಟರು ಬಹಳ ಹೊತ್ತು, ಬಿಡಿಸಿ ಬಿಡಿಸಿ ಹೇಳಿದರು. ಮಾಲಕಿ ಹಾಸಿಗೆಯ ಕಡೆ ತಿರುಗಿ ಅದನ್ನು ಚೀನೀ ಭಾಷೆಯಲ್ಲಿ ಎರಡೇ ವಾಕ್ಯದಲ್ಲಿ ಮುಗಿಸಿದರು. ಗಂಡ ತಲೆಯಾಡಿಸಿದರು, ಸ್ವಲ್ಪ ನಕ್ಕರು ಕೂಡ.

ಹೊರಗಿನ ಕಾರಿಡಾರಿನಲ್ಲಿ ಕೇಳಿದೆ. "ಪೂರ್ತಿ ಹೇಳಿದಿರಾ?"

"ಎದೆಯಲ್ಲಿ ಸೋಂಕು, ವಿಶ್ರಾಂತಿ ಬೇಕು ಎಂದೆ." ಅವರು ಗೋಡೆ ನೋಡುತ್ತಾ ಮಾತಾಡಿದರು. "ಇಟಲಿ ಹೋಯಿತು. ಈಗ ಇದೂ ಹೋಯಿತು ಎಂದು ಆ ಹಾಸಿಗೆಯ ಮೇಲೆ ಮಲಗಿದವನಿಗೆ ಹೇಳಬೇಕಾ?"

ಮೂರನೇ ಕೋಣೆ ಆಗ ತುಂಬು ಬೆಳೆಯಲ್ಲಿತ್ತು. ಖಾಲಿದಿಯಾದ ಹೋಟೆಲಿಗೆ ಮರುದಿನ ದೊಡ್ಡ ಸರಬರಾಜು. ತಪ್ಪಿದರೆ ಆ ಗಿರಾಕಿ ಕೈಬಿಡುವುದು ಖಚಿತ, ಆ ಗಿರಾಕಿಯಿಲ್ಲದೆ ಶೆಡ್ಡು ನಡೆಯುವುದಿಲ್ಲ. ಬೆಳಿಗ್ಗೆ ನಾನು ಬಂದಾಗ ಮಾಲಕಿ ಆಸ್ಪತ್ರೆಯಿಂದ ನೇರವಾಗಿ ಬಂದು ಬಾಗಿಲಲ್ಲಿ ನಿಂತಿದ್ದರು. ಹಿಂದಿನ ದಿನದ ಬಟ್ಟೆಯೇ.

"ಹುಡುಗರನ್ನು ಕೊಯ್ಲಿಗೆ ಕಳಿಸು," ಎಂದರು.

ನೇಪಾಳಿಗಳಿಬ್ಬರೂ ಅಲ್ಲೇ ಬೂಟು ಹಾಕಿಕೊಳ್ಳುತ್ತಿದ್ದರು. ಅವರಲ್ಲಿ ದೊಡ್ಡವನಿಗೆ ಆ ವಾರವಷ್ಟೇ ಕೆಮ್ಮು ಶುರುವಾಗಿತ್ತು.

"ಕಳಿಸುವುದಿಲ್ಲ," ಎಂದೆ. "ಮೊದಲು ಗಾಳಿ ಬಿಡಬೇಕು. ಆಮೇಲೆ ಯಾರಾದರೂ ಹೋಗಲಿ."

"ಗಾಳಿ ಬಿಟ್ಟರೆ ಬೆಳೆ ಎಲ್ಲಿ?"

"ಇರುವುದಿಲ್ಲ."

ಅವರು ನನ್ನನ್ನು ಬೈಯಲಿಲ್ಲ. ಗೋಡೆಯ ಮೊಳೆಯಿಂದ ಗಂಡನ ಏಪ್ರನ್ ತೆಗೆದು ಕಟ್ಟಿಕೊಂಡರು, ಮೂಗಿಗೆ ಮಾಸ್ಕ್ ಒತ್ತಿಕೊಂಡರು, ಒಬ್ಬರೇ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.

ಗಾಜಿನಿಂದ ನೋಡುತ್ತಾ ನಿಂತೆ. ಅವರಿಗೂ ಆ ಹೆಬ್ಬೆರಳಿನ ತಿರುವು ಗೊತ್ತಿತ್ತು. ಗಂಡನಿಗಿಂತ ವೇಗ. ಒಂದೊಂದು ಗೊಂಚಲು ಕಿತ್ತಾಗಲೂ ದೀಪದ ಬೆಳಕಿನಲ್ಲಿ ಹೊಗೆಯಂತೆ ಪುಡಿ ಏಳುತ್ತಿತ್ತು. ಅವರ ಕೂದಲು, ಭುಜ ಬೆಳ್ಳಗಾಗತೊಡಗಿದವು. ಒದ್ದೆಯಾದ ಮಾಸ್ಕು ಜಾರಿದಾಗ ಮೊಣಕೈಯಿಂದ ಮೇಲೆ ತಳ್ಳಿದರು. ಎರಡನೇ ಸಲ ಜಾರಿದಾಗ ತಳ್ಳಲಿಲ್ಲ.

ಡ್ರೈವರ್ ನನ್ನ ಪಕ್ಕದಲ್ಲಿ ಬಂದು ನಿಂತಿದ್ದರು. "ಇದು ಸರಿ ಅಲ್ಲ ಅಕ್ಕ," ಎಂದರು ಮೆಲ್ಲಗೆ. "ಇಬ್ಬರೂ ಹೋಗಿಬಿಡ್ತಾರೆ."

ನಾನು ಏಣಿ ಒರಗಿಸಿ ಹತ್ತಿದೆ. ತಂತಿ ಬಿಗಿಯಾಗಿ ಸುತ್ತಿತ್ತು, ಬೆರಳಿಗೆ ಬಗ್ಗಲಿಲ್ಲ. ಡ್ರೈವರ್ ಕೆಳಗಿನಿಂದ ಇಕ್ಕಳ ಕೊಟ್ಟರು. ತಂತಿ ತುಂಡರಿಸಿ ಹಿಡಿಯನ್ನು ಪೂರ್ತಿ ತಿರುಗಿಸಿದೆ. ಇಳಿದು ಬಂದು ಹೊರದೂಡುವ ಫ್ಯಾನುಗಳೆರಡನ್ನೂ ಹಾಕಿದೆ. ಕೊಳವೆ ನಡುಗಿ, ಆಗಸ್ಟಿನ ಬಿಸಿಗಾಳಿ ಮೂರನೇ ಕೋಣೆಗೆ ನುಗ್ಗಿತು.

ಒಳಗೆ ಅವರು ತಲೆ ಎತ್ತಿ ಮೇಲೆ ನೋಡಿದರು. ಆಮೇಲೆ ಗಾಜಿನ ಕಡೆ ತಿರುಗಿ ನನ್ನನ್ನು ನೋಡಿದರು. ಹೊರಗೆ ಬಂದು ಫ್ಯಾನ್ ಆರಿಸುತ್ತಾರೆಂದು ಕಾದೆ. ಬರಲಿಲ್ಲ. ಮತ್ತೆ ಕೀಳತೊಡಗಿದರು, ಮೊದಲಿಗಿಂತ ಅವಸರದಲ್ಲಿ, ಎರಡೂ ಕೈಯಲ್ಲಿ. ಗಾಳಿಯ ಬಾಯಿಗೆ ಹತ್ತಿರದ ಕಪಾಟಿನ ಕೊಡೆಗಳು ಮೊದಲು ಅಂಚು ಮಡಚಿದವು. ನಂತರ ಎರಡನೇ ಸಾಲು. ಅವರು ಆ ಸಾಲಿನಿಂದ ಈ ಸಾಲಿಗೆ, ಬಾಡುವುದಕ್ಕಿಂತ ಮುಂದೆ ಹೋಗಲು ನೋಡುತ್ತಿದ್ದರು. ಪುಡಿ ಗಾಳಿಯಲ್ಲಿ ಸುಳಿಯಾಗಿ ಹೊರಹೋಗಿ, ಕೋಣೆ ತಿಳಿಯಾಗುತ್ತಾ ಬಂತು. ಕೊನೆಗೆ ಒಂದು ಚೀಲದ ಮುಂದೆ ಕೈ ಚಾಚಿದವರು ಹಾಗೇ ನಿಂತರು. ಕೈ ಇಳಿಸಿದರು.

ಬಾಗಿಲು ತೆರೆದು ಹೊರಬಂದು ಏಪ್ರನ್ ಬಿಚ್ಚಿದರು.

"ಬಾಯ್ಲರ್ ಹಚ್ಚು," ಎಂದರು. "ಎಲ್ಲ ಕೋಣೆಗೂ ಹಬೆ ಬಿಡು."

ಬೆಳೆ ಮುಗಿದ ಕೋಣೆಯನ್ನು ಹಬೆಯಿಂದ ಬೇಯಿಸಿ ಶುದ್ಧ ಮಾಡುವುದು ನಮ್ಮಲ್ಲಿ ವಾಡಿಕೆ. ಬೆಳೆ ಇರುವಾಗಲೇ, ಮೂರೂ ಕೋಣೆಗಳನ್ನು ಬೇಯಿಸಿದ್ದು ಅದೇ ಮೊದಲು. ನಾನು ಹಬೆಯ ನಲ್ಲಿ ತಿರುಗಿಸಿದೆ. ಗಾಜು ಮಂಜಾಗಿ ಏನೂ ಕಾಣದಾಯಿತು. ಶೆಡ್ಡಿನ ತುಂಬ ಬೇಯಿಸಿದ ಅಣಬೆಯ ಘಮ, ಯಾರದೋ ಮನೆಯ ಊಟದ ಹಾಗೆ. ನೇಪಾಳಿಗಳು ಹೊರಗೆ ಹೋಗಿ ನೆರಳಿನಲ್ಲಿ ಕೂತರು. ಮಾಲಕಿ ಖಾಲಿದಿಯಾಕ್ಕೆ ಫೋನು ಮಾಡಿದರು. "ಇಂದು ಮಾಫಿ," ಎಂದರು, ಇಲ್ಲ ಎಂಬುದಕ್ಕೆ ಅಲ್ಲಿಯ ಅರಬಿ ಮಾತು. "ನಾಳೆಯೂ ಮಾಫಿ. ಖಲಾಸ್." ಆ ಕಡೆಯವರು ಏನೋ ಕೂಗಾಡುವುದು ನನಗೂ ಕೇಳಿಸಿತು. ಅವರು ಫೋನು ಕಿವಿಯಲ್ಲೇ ಇಟ್ಟುಕೊಂಡು, ಕೂಗು ಮುಗಿಯುವವರೆಗೆ ಕೇಳಿದರು.

ತಣಿದ ಮೇಲೆ ಎಲ್ಲರೂ ಸೇರಿ ಚೀಲಗಳನ್ನು ಹೊರಹಾಕಿದೆವು. ಕಂದು ನೀರು ಸೋರುವ ಚೀಲಗಳು. ಡ್ರೈವರ್ ಎಷ್ಟೋ ಸಲ ತ್ಯಾಜ್ಯದ ಹಳ್ಳಕ್ಕೆ ಹೋಗಿಬಂದರು. ಕಪಾಟು, ಬಾಯ್ಲರ್, ನನ್ನ ಲ್ಯಾಬಿನ ಪೆಟ್ಟಿಗೆ ಎಲ್ಲವನ್ನೂ ಹಳೆ ಸಾಮಾನಿನವನು ಒಯ್ದ. ನೇಪಾಳಿಗಳಿಬ್ಬರನ್ನೂ ಮಾಲಕಿಯೇ ಒಂದು ಡೇರಿಗೆ ಸೇರಿಸಿಕೊಟ್ಟರು. ದೊಡ್ಡವನ ಕೆಮ್ಮು ತಾನಾಗಿ ನಿಂತಿತ್ತು.

ಅವರ ಗಂಡ ಮನೆಗೆ ಬಂದರು, ಮೂಗಿನಲ್ಲಿ ಕೊಳವೆ, ಪಕ್ಕದಲ್ಲಿ ಗುರುಗುಟ್ಟುವ ಆಮ್ಲಜನಕದ ಯಂತ್ರ. ಒಮ್ಮೆ ನೋಡಲು ಹೋದೆ. ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಅಡುಗೆಮನೆಯಿಂದ ಕುರ್ಚಿಯವರೆಗೆ ನಡೆದರೆ ಮಾತಾಡಲು ಹೊತ್ತು ಬೇಕಾಗುತ್ತಿತ್ತು. ನನ್ನನ್ನು ಕಂಡು ಮೂರು ಬೆರಳು ಎತ್ತಿ ತೋರಿಸಿ, ಹುಬ್ಬು ಮೇಲೇರಿಸಿದರು. ಮೂರನೇ ಕೋಣೆ ಹೇಗಿದೆ ಎಂದು. ಮಾಲಕಿ ಅವರ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಹೆಬ್ಬೆರಳು ಎತ್ತಿದೆ. ಅವರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ನವೀಕರಣದ ದಿನ ಬರುವ ಮೊದಲೇ ಗಂಡ ಹೆಂಡತಿ ದೇಶ ಬಿಟ್ಟರು.

ಒಂದು ವರ್ಷದ ಮೇಲೆ ಡ್ರೈವರ್ ಫೋನು ಮಾಡಿದರು. ಅವರು ಆಗ ಅಬುಧಾಬಿಯಲ್ಲಿ ಬೇರೆ ಕೆಲಸದಲ್ಲಿದ್ದರು.

"ನಮ್ಮ ಮೇಡಂ ಇಲ್ಲಿ ಮೀನಾ ಮಾರುಕಟ್ಟೆಯಲ್ಲಿ ಇದ್ದಾರೆ. ಯಾರದೋ ತರಕಾರಿ ಅಂಗಡಿಯಲ್ಲಿ ಪಾಲು ಉಂಟಂತೆ. ನಿಮ್ಮನ್ನು ಕೇಳಿದ್ರು."

ರಜೆಯ ದಿನ ಹೋದೆ. ಸೊಪ್ಪಿನ ಕಟ್ಟುಗಳ ಹಿಂದೆ ಸ್ಟೂಲಿನ ಮೇಲೆ ಕೂತು ಚೀನೀ ಎಲೆಕೋಸಿನ ಹೊರ ಎಲೆ ಬಿಡಿಸುತ್ತಿದ್ದರು. ತೆಳ್ಳಗಾಗಿದ್ದರು. ನನಗೂ ಒಂದು ಸ್ಟೂಲ್ ತಳ್ಳಿದರು. ಗಂಡ ಚೀನೀ ಹೊಸವರ್ಷದ ಹಬ್ಬಕ್ಕೆ ಮುಂಚೆ ಊರಿನಲ್ಲಿ ತೀರಿಕೊಂಡರೆಂದು, ಎಲೆ ಬಿಡಿಸುತ್ತಲೇ ಹೇಳಿದರು.

"ಆ ಕೊನೆಯ ಬೆಳೆಯ ಬಗ್ಗೆ ದಿನಾ ಕೇಳುತ್ತಿದ್ದ. ಕಿತ್ತಿರಾ, ಹೋಟೆಲಿನವರು ಏನೆಂದರು ಎಂದು. ಎಲ್ಲ ಕಿತ್ತೆವು, ಅಷ್ಟು ಒಳ್ಳೆಯ ಮಾಲು ಹಿಂದೆ ಬಂದಿರಲಿಲ್ಲವಂತೆ ಎಂದೆ. ಅವನ ಅಮ್ಮನಿಗೂ ಅದನ್ನೇ ಹೇಳಿದ." ಎಲೆಕೋಸು ಕೆಳಗಿಟ್ಟು, "ನೀನೂ ಅದನ್ನೇ ಹೇಳಬೇಕು. ಯಾರು ಕೇಳಿದರೂ," ಎಂದರು.

ಆಗಲಿ ಎಂದೆ.

ಅಷ್ಟರಲ್ಲಿ ಫಿಲಿಪೀನ್ಸಿನ ಹೆಂಗಸೊಬ್ಬಳು ಬಂದು ಅಣಬೆ ಇದೆಯಾ ಎಂದು ಕೇಳಿದಳು. ಮಾಲಕಿ ಇಲ್ಲವೆಂದು ತಲೆಯಾಡಿಸಿ, ಎದ್ದು, ಅವಳನ್ನು ನಾಲ್ಕು ಅಂಗಡಿ ಆಚೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಅಲ್ಲಿ ಚಿಪ್ಪಣಬೆಯ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮಾಲಕಿ ಸ್ವಲ್ಪ ದೂರದಲ್ಲೇ ನಿಂತು, ಬಗ್ಗಿ ನೋಡಿದರು.

"ಮೇಲಿನದು ಬೇಡ," ಎಂದರು ಅವಳಿಗೆ. "ಕೊಯ್ದದ್ದು ತಡವಾಗಿದೆ, ಪುಡಿ ಬಿಟ್ಟಿದೆ. ಕೆಳಗಿನದು ತಗೋ."

ಹೆಂಗಸು ಕೆಳಗಿನ ಡಬ್ಬಿ ಎಳೆದುಕೊಂಡು, ಥ್ಯಾಂಕ್ಸ್ ಹೇಳಿ ಹೋದಳು. ಮಾಲಕಿ ಯಾವುದನ್ನೂ ಮುಟ್ಟಿರಲಿಲ್ಲ. ಆದರೂ ತಮ್ಮ ಅಂಗಡಿಗೆ ಮರಳುವ ದಾರಿಯುದ್ದಕ್ಕೂ ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ನಡೆದರು.